ಮೂರು ಕೋಸು, ಒಂದು ಆಲೂಗೆಡ್ಡೆ, ಅರ್ಧ ಮಾರ್ಕು

ಮಗಳಿಗೆ ಅರ್ಧ ಮಾರ್ಕು ಹೋಗಿದ್ದು ನನ್ನಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವಳು ಮೂರನೇ ಕ್ಲಾಸು. ಇವಿಎಸ್ ಟೆಸ್ಟಿನ ಹಿಂದಿನ ರಾತ್ರಿ ಗಿಡದ ಭಾಗಗಳ ಪಾಠ ಓದಿಸುತ್ತಿದ್ದೆ. ಒಲೆಯ ಮೇಲೆ ಸಾರು, ಕೈಯಲ್ಲಿ ಸೌಟು, ಅಡುಗೆ ಕಟ್ಟೆಯ ಮೇಲೆ ಪುಸ್ತಕ. "ಬೇರು ಅಂದ್ರೆ ನೆಲದೊಳಗೆ ಇರೋದು. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಆಲೂಗೆಡ್ಡೆ. ಆಯ್ತಲ್ಲ, ಮುಂದಿನದು ಓದು" ಅಂದೆ. ಅವಳು ಹಾಗೇ ಬರೆದು ಬಂದಳು. ಆಲೂಗೆಡ್ಡೆಯ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಮಿಸ್ಸು ಸಣ್ಣಕ್ಷರದಲ್ಲಿ "ಕಾಂಡ" ಅಂತ ಬರೆದಿದ್ದರು.

ಮಗಳು ಅಳಲಿಲ್ಲ. ಪೇಪರನ್ನು ನನ್ನ ಮುಂದೆ ಹಿಡಿದು "ನೀನೇ ಹೇಳಿದ್ದು" ಅಂದಳು, ಅಷ್ಟೇ. ಅತ್ತಿದ್ದರೇ ವಾಸಿಯಿತ್ತು.

ಈರುಳ್ಳಿ ಬುಟ್ಟಿಯ ತಳದಲ್ಲಿ ಯಾವಾಗಲೂ ಒಂದು ಮರೆತುಹೋದ ಆಲೂಗೆಡ್ಡೆ ಇರುತ್ತದೆ. ಎಲ್ಲರ ಮನೆಯಲ್ಲೂ ಇರುತ್ತೆ, ಅಲ್ವಾ? ನಮ್ಮದು ಮುದುಡಿಕೊಂಡು ಮೊಳಕೆ ಬಿಟ್ಟು ಕೂತಿತ್ತು. ಇಬ್ಬರೂ ಅದನ್ನು ಹಿಡಿದುಕೊಂಡು ನೆಲದ ಮೇಲೆ ಕೂತೆವು. ಆಲೂಗೆಡ್ಡೆಯ ಗುಳಿಗಳಿಗೆ ಕಣ್ಣು ಅನ್ನುತ್ತೇವೆ. ನಲವತ್ತು ವರ್ಷದಿಂದ ಸಿಪ್ಪೆ ಹೆರೆಯುತ್ತಿದ್ದೇನೆ, ಆ ಕಣ್ಣಿಗೆ ಹುಬ್ಬೂ ಇರುತ್ತದೆ ಅಂತ ಅವತ್ತೇ ನೋಡಿದ್ದು. ಪ್ರತಿ ಗುಳಿಯ ಒಂದು ಬದಿಗೆ ಸಣ್ಣದೊಂದು ಬಿಲ್ಲಿನಂಥ ಗೆರೆ. ಅದು ಎಲೆ ಇದ್ದ ಜಾಗ. ಸರಿಯಾದ ಎಲೆಯಲ್ಲ, ನೆಲದೊಳಗೆ ಬೆಳೆಯಲಾಗದೆ ಪೊರೆಯಷ್ಟೇ ಆಗಿ ಉದುರಿಹೋದ ಎಲೆ. ಅದರ ಕಂಕುಳಲ್ಲಿರುವ ಮೊಗ್ಗೇ ಕಣ್ಣು.

ಬಾಲ್ಕನಿಯ ದಾಸವಾಳದ ಒಂದು ಕೊಂಬೆ ತಂದು ಪಕ್ಕದಲ್ಲಿಟ್ಟೆವು. ಅಲ್ಲೂ ಅದೇ ಕಥೆ. ಎಲೆ, ಎಲೆಯ ಕಂಕುಳಲ್ಲಿ ಮೊಗ್ಗು. ಸ್ವಲ್ಪ ಮೇಲೆ ಇನ್ನೊಂದು ಎಲೆ, ಇನ್ನೊಂದು ಮೊಗ್ಗು. ಸುತ್ತಿಕೊಂಡು ಹತ್ತುವ ಮೆಟ್ಟಿಲಿನ ಹಾಗೆ. ಮಗಳು ಆಲೂಗೆಡ್ಡೆಯ ಒಂದೊಂದು ಕಣ್ಣಿಗೂ ಒಂದೊಂದು ಬೆಂಕಿಕಡ್ಡಿ ಚುಚ್ಚಿ ಸೂಜಿದಾರದಲ್ಲಿ ಒಂದರಿಂದ ಒಂದಕ್ಕೆ ಸುತ್ತುತ್ತಾ ಹೋದಳು. ದಾರವೂ ಸುರುಳಿಯಾಗೇ ಹತ್ತಿತು. ಅಂದರೆ ಇದು ಉದ್ದ ಆಗದೆ ಊದಿಕೊಂಡ ಕೊಂಬೆ. ಕ್ಯಾರೆಟ್ ತಿರುಗಿಸಿ ಮುರುಗಿಸಿ ನೋಡಿದೆವು. ನೂಲಿನಂಥ ಸಣ್ಣ ಬೇರುಗಳು ಸಿಕ್ಕವು, ಕಣ್ಣೂ ಇಲ್ಲ, ಹುಬ್ಬೂ ಇಲ್ಲ.

"ಗೆಣಸೂ ಮೊಳಕೆ ಬಿಡುತ್ತಲ್ಲ, ಅದೂ ಕಾಂಡನಾ?" ಅಂದಳು. ಮಕ್ಕಳು ಇಂಥ ಕಡೆಯೇ ಹಿಡಿದುಹಾಕುವುದು. ಗೆಣಸು ಬೇರೇ. ಮೊಳಕೆ ಬಿಡುವ ಬೇರು. ಆದರೆ ಅದರ ಮೈಮೇಲೆ ಆಲೂಗೆಡ್ಡೆಯ ಹಾಗೆ ಎಲೆಯ ಗುರುತು, ಮೆಟ್ಟಿಲಿನ ಲೆಕ್ಕ ಸಿಗುವುದಿಲ್ಲ. ಹಾಗಾಗಿ ಮೊಳಕೆ ಒಡೆದಿದ್ದೆಲ್ಲ ಕಾಂಡ ಅಂತ ಹೇಳಿಕೊಟ್ಟರೆ ಮುಂದಿನ ಟೆಸ್ಟಿನಲ್ಲಿ ಇನ್ನರ್ಧ ಮಾರ್ಕು ಹೋಗುತ್ತಿತ್ತು.

ಅವತ್ತು ರಾತ್ರಿ ಪಾತ್ರೆ ತೊಳೆಯುವಾಗ ನನಗೆ ಅನ್ನಿಸಿದ್ದು, ನನ್ನನ್ನು ದಾರಿ ತಪ್ಪಿಸಿದ್ದು "ಗೆಡ್ಡೆ" ಅನ್ನುವ ಪದ. ನಮ್ಮ ಗೆಡ್ಡೆಗೆ ಬೇರು, ಕಾಂಡ ಅನ್ನುವ ಭೇದವೇ ಇಲ್ಲ. ದಪ್ಪಗೆ ಊದಿಕೊಂಡಿದ್ದರೆ ಸಾಕು, ಗೆಡ್ಡೆ. ಆಲೂಗೆಡ್ಡೆ, ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ ಮೂರೂ ಕಾಂಡಗಳು. ಕ್ಯಾರೆಟ್ಟು, ಮೂಲಂಗಿ ಬೇರುಗಳು. ಸಂತೆಯಲ್ಲಿ ಮಾರುವವರು ಎಲ್ಲವನ್ನೂ ಗೆಡ್ಡೆ ತರಕಾರಿ ಅಂತ ಒಂದೇ ಕಡೆ ಗುಡ್ಡೆ ಹಾಕುತ್ತಾರೆ. ಅಡುಗೆಗೆ ಅಷ್ಟು ಸಾಕು. ಟೆಸ್ಟಿಗೆ ಸಾಲಲಿಲ್ಲ.

ಆದರೆ ಅದೇ ಅಡುಗೆಮನೆಯ ಕನ್ನಡ ಇನ್ನೊಂದು ಕಡೆ ಪಠ್ಯಪುಸ್ತಕಕ್ಕಿಂತ ಜಾಣತನ ತೋರಿಸುತ್ತದೆ. ಕೋಸುಗಳನ್ನೇ ನೋಡಿ. ಎಲೆಕೋಸು, ಹೂಕೋಸು, ಗೆಡ್ಡೆಕೋಸು. ಒಂದು ಎಲೆ, ಒಂದು ಹೂವು, ಒಂದು ಕಾಂಡ. ಮೂರೂ ಬೇರೆ ಬೇರೆ ಗಿಡ ಅಂದುಕೊಂಡಿದ್ದೆ. ಅಲ್ಲ, ಮೂರೂ ಒಂದೇ ಜಾತಿಯ ಗಿಡ. ಯುರೋಪಿನ ಕಡಲತೀರದಲ್ಲಿ ಬೆಳೆಯುತ್ತಿದ್ದ ಒಂದು ಕಾಡು ಸೊಪ್ಪನ್ನು ಅಲ್ಲಿನ ರೈತರು ನೂರಾರು ವರ್ಷ ಆರಿಸಿ ಆರಿಸಿ ಬಿತ್ತಿದರು. ಎಲೆ ದಟ್ಟವಾಗಿದ್ದ ಗಿಡದ ಬೀಜ ಇಟ್ಟುಕೊಂಡವರಿಗೆ ಎಲೆಕೋಸು ಆಯಿತು. ಕಾಂಡ ಊದಿದ ಗಿಡವನ್ನು ಹಿಡಿದವರಿಗೆ ಗೆಡ್ಡೆಕೋಸು. ಹೂಗೊಂಚಲು ಅರಳದೆ ಗಂಟುಗಂಟಾಗಿ ಉಳಿದದ್ದನ್ನು ಇಷ್ಟಪಟ್ಟವರಿಗೆ ಹೂಕೋಸು. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಹೆಸರು. ನಮ್ಮವರು ನೋಡಿದ ತಕ್ಷಣ ಮೂರಕ್ಕೂ "ಕೋಸು" ಅಂತ ಒಂದೇ ಮನೆತನದ ಹೆಸರಿಟ್ಟು, ಮುಂದೆ ಅದರ ಭಾಗ ಸೇರಿಸಿದರು. ಯಾರು ಇಟ್ಟರೋ, ಅವರಿಗೆ ಪೂರ್ತಿ ಮಾರ್ಕು ಕೊಡಬೇಕು.

ಆ ಶನಿವಾರ ಮೂರನ್ನೂ ತಂದು ಉದ್ದಕ್ಕೆ ಸೀಳಿದೆವು. ಎಲೆಕೋಸಿನ ನಡುವೆ ಗಿಡ್ಡನೆಯ ಬಿಳಿ ದಂಟು. ಅದರ ಸುತ್ತ ಒಂದರ ಮೇಲೊಂದು ಮುಚ್ಚಿಕೊಂಡ ಎಲೆಗಳು. ಇಡೀ ಕೋಸು ಬಿಚ್ಚಿಕೊಳ್ಳದ ಒಂದು ದೊಡ್ಡ ಮೊಗ್ಗು. ಗೆಡ್ಡೆಕೋಸು ನೆಲದ ಮೇಲೇ ಊದುತ್ತದೆ. ಮೈಮೇಲೆ ಎಲೆ ಕತ್ತರಿಸಿದ ಗುರುತುಗಳು ಎದ್ದು ಕಾಣುತ್ತವೆ. ಹೂಕೋಸಿನ ಒಂದು ಚೂರನ್ನು ಭೂತಗನ್ನಡಿಯಲ್ಲಿ ನೋಡಿದರೆ ಗೊಂಚಲೊಳಗೆ ಗೊಂಚಲು, ಅದರೊಳಗೆ ಇನ್ನೂ ಸಣ್ಣ ಗೊಂಚಲು. ಆಮೇಲೆ ಮೂರು ದಿನ ಮನೆಯಲ್ಲಿ ಕೋಸಿನ ಪಲ್ಯವೇ. ಮನೆಯವರು ಏನೂ ಅನ್ನಲಿಲ್ಲ. ನಾಲ್ಕನೇ ದಿನ ಮಾತ್ರ ತಾವೇ ಹೋಗಿ ತರಕಾರಿ ತಂದರು.

"ಕಾಯಿ" ಅನ್ನುವ ಪದವೂ ಅಷ್ಟೇ ಘಟ್ಟಿ. ಬದನೆಕಾಯಿ, ಬೆಂಡೆಕಾಯಿ, ಹೀರೇಕಾಯಿ, ನುಗ್ಗೇಕಾಯಿ, ಹುರಳಿಕಾಯಿ. ಹೆಸರಿನ ಕೊನೆಗೆ ಕಾಯಿ ಇದೆ ಅಂದರೆ ಅದು ಹೂವಿನಿಂದ ಬಂದದ್ದು, ಒಳಗೆ ಬೀಜ ಇದೆ ಅಂತಲೇ ಲೆಕ್ಕ. ಅತಿ ಚೆಂದದ ಸಾಕ್ಷಿ ಕಡಲೆಕಾಯಿ. ಅದನ್ನು ಗಿಡದ ಸಮೇತ ಕಿತ್ತಾಗ ಬೇರಿಗೇ ಜೋತುಬಿದ್ದಂತೆ ಕಾಣುತ್ತದೆ. ನೆಲದೊಳಗೆ ಇರೋದೆಲ್ಲ ಬೇರು ಅನ್ನುವ ನನ್ನಂಥವರು ಅಲ್ಲೂ ಬೇರು ಅಂದೇವು. ಆದರೆ ಅದರ ಹಳದಿ ಹೂವು ಅರಳುವುದು ನೆಲದ ಮೇಲೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಒಂದು ಕಡ್ಡಿ ಹೊರಟು ಕೆಳಮುಖವಾಗಿ ಬೆಳೆದು ಮಣ್ಣಿಗೆ ಹೊಕ್ಕುತ್ತದೆ. ಕಾಯಿ ಕಟ್ಟುವುದು ಅದರ ತುದಿಯಲ್ಲಿ, ಕತ್ತಲೆಯಲ್ಲಿ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಮಗಳಿಗೆ ಹಸಿ ಕಡಲೆಕಾಯಿ ಕೊಡಿಸಿದಾಗ ಅವಳು ತಿನ್ನುವ ಮೊದಲು ಹುಡುಕಿದ್ದು ಆ ಕಡ್ಡಿ ಅಂಟಿಕೊಂಡಿದ್ದ ಮೂತಿ.

ಹಾಗಂತ ಕಾಯಿಯನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಜಾಕಾಯಿ ಅನ್ನುವುದು ಕಾಯಿಯಲ್ಲ, ಬೀಜ. ಜಾಪತ್ರೆ ಪತ್ರೆಯೂ ಅಲ್ಲ, ಆ ಬೀಜವನ್ನು ಸುತ್ತಿಕೊಂಡಿರುವ ಕೆಂಪು ಬಲೆ. ಲವಂಗ ಅರಳದ ಮೊಗ್ಗು, ಚಕ್ಕೆ ಮರದ ತೊಗಟೆ, ಶುಂಠಿ ಮತ್ತೆ ಕಾಂಡ. ಒಂದು ಪಲಾವಿನಲ್ಲಿ ಇಡೀ ಪಾಠ ಬೇಯುತ್ತಿರುತ್ತದೆ. ಶಾಲೆಯ ಚಾರ್ಟಿನಲ್ಲಿ ಮಾತ್ರ ಒಂದು ನೆಟ್ಟಗಿನ ಗಿಡ, ಐದು ಬಾಣ. ಆ ಗಿಡ ಯಾವುದು ಅಂತ ಕೇಳಿ ನೋಡಿ, ಯಾರಿಗೂ ಹೇಳಲಾಗುವುದಿಲ್ಲ. ಅದು ಚಾರ್ಟಿನಲ್ಲಿ ಬಿಟ್ಟು ಇನ್ನೆಲ್ಲೂ ಬೆಳೆಯುವುದಿಲ್ಲ.

ಡಿಸೆಂಬರಿನಲ್ಲಿ ಅವರೆಕಾಯಿ ಬಂತು. ರಾತ್ರಿಯೆಲ್ಲ ನೆನೆಹಾಕಿ ಬೆಳಿಗ್ಗೆ ಹಿದುಕಲು ಕೂತೆವು. ಬೆರಳ ನಡುವೆ ಒತ್ತಿದರೆ ಪುಳಕ್ಕನೆ ಬೇಳೆ ಹೊರಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಮಕ್ಕಳಿಗೆ ಇದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ. ಅರ್ಧ ಬೇಳೆ ಸೋಫಾ ಕೆಳಗೇ ಸಿಗುವುದು. ಒಂದನ್ನು ಉಗುರಿನಲ್ಲಿ ಮೆಲ್ಲಗೆ ಬಿಡಿಸಿ ತೋರಿಸಿದೆ. ಎರಡು ಬೇಳೆ. ಅವು ಸೇರುವ ಮೂಲೆಯಲ್ಲಿ ಗಿಣಿಯ ಕೊಕ್ಕಿನಂಥ ಒಂದು ತುದಿ. ಆ ಕೊಕ್ಕಿನ ಹೊರತುದಿ ಮುಂದೆ ಬೇರಾಗುವುದು. ಒಳಗೆ ಬೇಳೆಗಳ ನಡುವೆ ಮಡಚಿಕೊಂಡು ಕೂತ, ಸಾಸಿವೆಗಿಂತ ಸಣ್ಣದಾದ ಎರಡು ಎಲೆ. ಗಿಡ ಆಗಲೇ ಇದೆ. ಬೇಳೆ ಅದಕ್ಕೆ ಕಟ್ಟಿಕೊಟ್ಟ ಬುತ್ತಿ. ಬೇರು ನೀರು ಹಿಡಿದು, ಎಲೆ ಬಿಸಿಲು ಹಿಡಿಯುವ ತನಕ ಊಟಕ್ಕೆ. ನಾವೋ ಮಧ್ಯದಲ್ಲಿ ನುಗ್ಗಿ ನಮ್ಮ ಬೇಳೆ ಬೇಯಿಸಿಕೊಳ್ಳುತ್ತೇವೆ.

ಗಿಡ ಉಸಿರಾಡುತ್ತದೆ ಅನ್ನುವುದನ್ನು ಮಗಳು ನಂಬಿರಲಿಲ್ಲ. ಮೂಗೆಲ್ಲಿ ಅಂತ ಅವಳ ಪ್ರಶ್ನೆ. ಅದಕ್ಕೂ ಉತ್ತರ ಸಿಕ್ಕಿದ್ದು ಹೆಸರುಕಾಳಿನಲ್ಲಿ. ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿಟ್ಟ ಗಂಟಿಗೆ ಮಾರನೇ ದಿನ ಕೈ ಇಟ್ಟರೆ ಬೆಚ್ಚಗಿರುತ್ತದೆ. ಮೊಳಕೆಗಳು ಕೂಡಿಟ್ಟ ಊಟವನ್ನು ಗಾಳಿಯ ಜೊತೆ ಕರಗಿಸುತ್ತಿವೆ, ಆ ಕೆಲಸದ ಕಾವು ಅದು. ನಮ್ಮ ಮೈ ಬಿಸಿಯೂ ಹೀಗೇ ಬರುವುದು. ನೀರು ಬಸಿಯದೆ ಹಾಗೇ ಬಿಟ್ಟರೆ ಕಾಳಿಗೆ ಗಾಳಿ ಸಿಗದೆ ಕೊಳೆತು ನಾರುತ್ತದೆ. ಒಂದು ಲೋಟದಲ್ಲಿ ಹಾಗೆ ಬಿಟ್ಟೂ ನೋಡಿದೆವು. ಅದರ ವಾಸನೆಯ ಬಗ್ಗೆ ಬರೆಯುವುದಿಲ್ಲ. ಹಗಲು ರಾತ್ರಿ ಎರಡೂ ಹೊತ್ತು ಗಿಡ ಉಸಿರಾಡುತ್ತದೆ, ನಾವು ಬಿಡುವ ಗಾಳಿಯನ್ನೇ ಅದೂ ಬಿಡುತ್ತದೆ. ಹಗಲಿನಲ್ಲಿ ಮಾತ್ರ ಆಹಾರ ತಯಾರಿಸುವ ಕೆಲಸ ಜಾಸ್ತಿ ಇರುವುದರಿಂದ ಆಮ್ಲಜನಕ ಹೊರಗೆ ಬರುತ್ತದೆ. ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಅಂತ ವಾಟ್ಸಾಪಿನಲ್ಲಿ ವಾರಕ್ಕೊಮ್ಮೆ ಬರುತ್ತಲ್ಲ, ಅದು ಸುಳ್ಳು. ಫ್ಯಾಮಿಲಿ ಗ್ರೂಪಿನಲ್ಲಿ ಹೇಳಲು ಹೋಗಬೇಡಿ. ನಾನು ಹೇಳಿ ಅನುಭವಿಸಿದ್ದೇನೆ.

ಸಂಕ್ರಾಂತಿಗೆ ಊರಿಗೆ ಹೋದೆವು. ನಮ್ಮದು ತಿಪಟೂರಿನ ಕಡೆ. ಕೊಬ್ಬರಿಗೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಹಾಕಿಡುವ ಮನೆ. ಪೂಜೆಗೆ ಅಂತ ಅಮ್ಮ ಮೂಲೆಯಲ್ಲಿದ್ದ ಒಂದು ಕಾಯಿ ಸುಲಿದು ಒಡೆದರು. ಒಳಗೆ ನೀರು ಹೆಚ್ಚು ಇರಲಿಲ್ಲ. ಬದಲಿಗೆ ಬೆಳ್ಳಗಿನ, ಹಗುರವಾದ, ನಿಂಬೆಹಣ್ಣಿನಷ್ಟು ಒಂದು ಉಂಡೆ.

"ಕಾಯಲ್ಲಿ ಹೂ ಬಂದೈತೆ! ಒಳ್ಳೇದಾಗುತ್ತೆ ಕಣೇ" ಅಂತ ಅಮ್ಮ ಕಣ್ಣಿಗೊತ್ತಿಕೊಂಡರು.

ಮಗಳು ನನ್ನ ಸೆರಗು ಎಳೆದಳು. "ಹೂವಿನಿಂದ ಕಾಯಿ ಬರೋದಲ್ವಾ? ಕಾಯೊಳಗೆ ಹೂ ಹೆಂಗೆ ಬಂತು?"

ಪೂಜೆ ಮುಗಿಯಲಿ ಅಂತ ಸುಮ್ಮನಿರಿಸಿದೆ. ಆಮೇಲೆ ಹಿತ್ತಿಲಿನಲ್ಲಿ ಮೊಳಕೆಗೆ ಹಾಕಿದ್ದ ಕಾಯಿಗಳ ಸಾಲಿಗೆ ಕರೆದುಕೊಂಡು ಹೋದೆ. ಒಂದು ಕಾಯಿಯನ್ನು ಮಚ್ಚಿನಲ್ಲಿ ಸೀಳಿಸಿದೆ. ಅಮ್ಮನಿಗೆ ಒಂದು ಸಸಿ ಹಾಳಾಯಿತಲ್ಲ ಅಂತ ಸಂಕಟ. ತೆಂಗಿನಕಾಯಿಗೆ ಮೂರು ಕಣ್ಣಿದ್ದರೂ ಎರಡು ಕುರುಡು. ಮೂರನೆಯದರ ಮುಚ್ಚಳ ಮೆತ್ತಗೆ, ಅದರ ಹಿಂದೆಯೇ ಎಳೆ ಸಸಿ ಇರುವುದು. ಅದು ಬೆಳೆಯಲು ಶುರುಮಾಡಿದಾಗ ಆ ಕಣ್ಣಿನಿಂದ ಮೊಳಕೆ ಹೊರಕ್ಕೆ ಹೋಗುತ್ತದೆ, ಅದೇ ಹೊತ್ತಿಗೆ ಇನ್ನೊಂದು ತುದಿ ಒಳಕ್ಕೆ ಊದುತ್ತಾ ಬರುತ್ತದೆ. ಊದಿ ಊದಿ ಚಿಪ್ಪು ತುಂಬಾ ತುಂಬಿಕೊಂಡು, ಸುತ್ತಲಿನ ಕಾಯಿಯ ತಿರುಳನ್ನು ಹೀರಿ ಸಸಿಗೆ ಕಳಿಸುತ್ತದೆ. ನಾವು ಹೂ ಅನ್ನುವುದು ಅದನ್ನೇ. ಹೂವಲ್ಲ, ತೆಂಗಿನ ಬೇಳೆ. ಅವರೆಗೆ ಎರಡು ಬೇಳೆ, ತೆಂಗಿಗೆ ಒಂದೇ. ಅವರೆಯ ಬೇಳೆ ಬುತ್ತಿಯಾಗಿ ಬರುತ್ತದೆ, ತೆಂಗಿನದು ಸ್ಟ್ರಾ ಹಾಕಿ ಹೀರುತ್ತದೆ.

ಮಗಳು ಅರ್ಧ ತಿಂದು "ಸೀ ಇದೆ" ಅಂದಳು. ಇನ್ನರ್ಧ ಅಜ್ಜಿಗೆ. "ಏನಾದ್ರೂ ಅನ್ಕೊಳಿ, ಹೂ ಅಂದ್ರೆ ಹೂವೇ" ಅಂದರು ಅಮ್ಮ, ಅಗಿಯುತ್ತಾ.

ಅಲ್ಲೇ ತೋಟದಲ್ಲಿ ಮಗಳು ಒಂದು ಮರದ ಬುಡ ಸುತ್ತು ಹಾಕಿ ಬಂದು ಇನ್ನೊಂದು ಕೇಳಿದಳು. ಮರ ಇಷ್ಟು ದೊಡ್ಡದಾಗೋಕೆ ಮಣ್ಣು ತಿಂದಿದ್ದರೆ ಇಲ್ಲಿ ಹಳ್ಳ ಇರಬೇಕಲ್ವಾ? ಹಳ್ಳ ಎಲ್ಲಿ?

ಇದೇ ಪ್ರಶ್ನೆ ಹಿಡಿದು ಈಗಿನ ಬೆಲ್ಜಿಯಂನಲ್ಲಿ ವ್ಯಾನ್ ಹೆಲ್ಮಾಂಟ್ ಅನ್ನುವವನು ಐದು ವರ್ಷ ಕಾದಿದ್ದ. ಒಣಗಿಸಿದ ಮಣ್ಣು 200 ಪೌಂಡ್, ಅಂದರೆ ಸುಮಾರು 90 ಕೆ.ಜಿ., ತೂಗಿ ಕುಂಡಕ್ಕೆ ಹಾಕಿದ. 5 ಪೌಂಡಿನ ವಿಲ್ಲೋ ಸಸಿ ನೆಟ್ಟ. ಧೂಳು ಬೀಳದಂತೆ ತೂತಿನ ತಗಡು ಮುಚ್ಚಿದ. ನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಐದು ವರ್ಷದ ಮೇಲೆ ಮರ ಸುಮಾರು 169 ಪೌಂಡ್ ತೂಗಿತು, ಉದುರಿದ ಎಲೆಗಳನ್ನು ಬಿಟ್ಟು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದು ಬರೀ 2 ಔನ್ಸ್, ಒಂದು ಹಿಡಿ ಮಣ್ಣು. ಹಾಗಾದರೆ ಮರವೆಲ್ಲ ನೀರಿನಿಂದಲೇ ಆಗಿದ್ದು ಅಂತ ತೀರ್ಮಾನಿಸಿದ. ಅವನು ಸತ್ತ ಮೇಲೆ, 1648ರಲ್ಲಿ ಇದು ಅಚ್ಚಾಯಿತು. ಅರ್ಧ ಸರಿ, ಅರ್ಧ ತಪ್ಪು. ಅವನಿಗೂ ಅರ್ಧ ಮಾರ್ಕು ಅಂತ ಮಗಳಿಗೆ ಸಮಾಧಾನ.

ಅವನು ಗಾಳಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. 1771ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ಮೇಣದಬತ್ತಿ ಉರಿದು ಆರಿಹೋದ ಗಾಳಿಯಲ್ಲಿ ಒಂದು ಪುದೀನ ಕಡ್ಡಿ ಇಟ್ಟ. ಕೆಲವು ದಿನದ ಮೇಲೆ ಆ ಗಾಳಿಯಲ್ಲಿ ಮತ್ತೆ ಬತ್ತಿ ಉರಿಯಿತು. 1779ರಲ್ಲಿ ಇಂಗೆನ್‌ಹೌಸ್ ಇದು ಬಿಸಿಲಿದ್ದಾಗ ಮಾತ್ರ, ಹಸಿರು ಭಾಗದಲ್ಲಿ ಮಾತ್ರ ನಡೆಯುತ್ತದೆ ಅಂತ ತೋರಿಸಿದ. ಈಗ ನಮಗೆ ಗೊತ್ತು: ಎಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಬೇರಿನಿಂದ ಬಂದ ನೀರನ್ನೂ ಬಿಸಿಲಿನ ಬಲದಿಂದ ಸೇರಿಸಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯೇ ಮುಂದೆ ನಾರು, ಮಟ್ಟೆ, ಚಿಪ್ಪು, ಎಣ್ಣೆ ಎಲ್ಲ.

ಇದನ್ನು ಅಮ್ಮನಿಗೆ ಹೇಳಿದೆ. ಈ ಮರದ ಒಣ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಗಾಳಿ, ನೀರಿನಿಂದ ಬಂದದ್ದು ಅಂತ. ಸಾಲದ ಕಾಲದಲ್ಲಿ "ಗಾಳಿ ತಿಂದ್ಕೊಂಡು ಬದುಕೋಕಾಯ್ತದಾ" ಅಂತ ಅಪ್ಪನನ್ನು ಬೈಯುತ್ತಿದ್ದವರು ಅವರು. ತಲೆ ಎತ್ತಿ ಮರ ನೋಡಿದರು. "ಹಂಗಾದ್ರೆ ವರ್ಷಾ ವರ್ಷ ಗೊಬ್ಬರ ಯಾಕೆ ಹಾಕ್ತೀನಿ ನಾನು?"

ಒಳ್ಳೇ ಪ್ರಶ್ನೆ. ವ್ಯಾನ್ ಹೆಲ್ಮಾಂಟನ ಆ ಎರಡು ಔನ್ಸಿನಲ್ಲೇ ಅದರ ಉತ್ತರ ಇದೆ. ಸಾರಜನಕ, ರಂಜಕ, ಪೊಟ್ಯಾಷ್ ಬರುವುದು ಮಣ್ಣಿನಿಂದಲೇ. ಅನ್ನಕ್ಕೆ ಉಪ್ಪಿದ್ದ ಹಾಗೆ. ತೂಕಕ್ಕೆ ಏನೂ ಅಲ್ಲ, ಆದರೆ ಇಲ್ಲದಿದ್ದರೆ ಎಲೆ ಹಳದಿಯಾಗುತ್ತದೆ. ಅಮ್ಮ "ಹೂಂ" ಅಂದರು. ಒಪ್ಪಿದರೋ, ಮಾತು ಮುಗಿಸಿದರೋ ಗೊತ್ತಾಗಲಿಲ್ಲ.

ಇನ್ನು ಹೂವಿನ ಪಾಠ. ಎಲ್ಲ ಶಾಲೆಯಲ್ಲೂ ಹೂವು ಅಂದರೆ ದಾಸವಾಳ. ನಾನು ಓದುವಾಗಲೂ ಅದೇ ಇತ್ತು. ಕಾರಣ ಇದೆ. ದೊಡ್ಡ ಹೂವು, ಐದು ದಳ, ನಡುವೆ ಉದ್ದನೆಯ ಕೊಳವೆ, ಅದರ ಮೈಗೆಲ್ಲ ಪರಾಗದ ಹಳದಿ ಗುಂಡುಗಳು, ತುದಿಯಲ್ಲಿ ಐದು ಕೆಂಪು ಚುಕ್ಕೆ. ಬಿಡಿಸಿ ನೋಟ್‌ಬುಕ್ಕಿಗೆ ಅಂಟಿಸುವುದು ಸುಲಭ. ಪಾಠದ ಕೊನೆಯ ಸಾಲು: ಹೂವು ಕಾಯಿಯಾಗುತ್ತದೆ.

"ಅಮ್ಮ, ನಮ್ಮ ದಾಸವಾಳ ಯಾಕೆ ಯಾವತ್ತೂ ಕಾಯಿ ಬಿಟ್ಟಿಲ್ಲ?"

ಅಜ್ಜಿಗೆ ಫೋನು ಹೋಯಿತು. "ದಿನಾ ಕಿತ್ತು ದೇವರಿಗೆ ಇಟ್ರೆ ಎಲ್ಲಿಂದ ಬಿಡುತ್ತೆ ಮಗಾ" ಅಂತ ಉತ್ತರ ಬಂತು. ಸರಿ, ಒಂದು ವಾರ ದೇವರಿಗೆ ಬರೀ ತುಳಸಿ. ಅರಳಿದ ಹೂವುಗಳೆಲ್ಲ ಮುದುಡಿ, ಬಾಡಿ, ತೊಟ್ಟಿನ ಸಮೇತ ಉದುರಿದವು. ಮನೆಯಂಗಳದಲ್ಲಿ ಬೆಳೆಸುವ ಈ ದಾಸವಾಳ ಕಾಯಿ ಕಟ್ಟುವುದು ತೀರಾ ಅಪರೂಪ. ಅದಕ್ಕೇ ಅದನ್ನು ಎಲ್ಲರೂ ಕಡ್ಡಿ ನೆಟ್ಟು ಬೆಳೆಸುವುದು, ಬೀಜ ಹಾಕಿದವರನ್ನು ನಾನಂತೂ ನೋಡಿಲ್ಲ. ಹೂವಿನಿಂದ ಕಾಯಿ ಅಂತ ಕಲಿಸಲು ಇಷ್ಟು ವರ್ಷದಿಂದ ಕಾಯಿ ಬಿಡದ ಹೂವನ್ನೇ ತೋರಿಸುತ್ತಾ ಬಂದಿದ್ದೇವೆ.

ದಾಸವಾಳದ ಹತ್ತಿರದ ನೆಂಟ ಬೆಂಡೆ. ಅದೇ ಐದು ದಳ, ಅದೇ ನಡುವಿನ ಕೊಳವೆ, ಬಣ್ಣ ಮಾತ್ರ ತಿಳಿ ಹಳದಿ, ಒಳಗೆ ಕಡುಗೆಂಪು. ಊರಿನಿಂದ ತಂದ ನಾಲ್ಕು ಬೀಜವನ್ನು ಪೇಂಟ್ ಡಬ್ಬಕ್ಕೆ ಹಾಕಿದೆವು. ಎರಡು ಬದುಕಿದವು. ಒಂದೂವರೆ ತಿಂಗಳಿಗೆ ಒಂದು ಬೆಳಿಗ್ಗೆ ಮೊದಲ ಹೂವು. ಮಗಳು ಸ್ಕೂಲಿನಿಂದ ಬರುವಷ್ಟರಲ್ಲಿ ಅದು ಸುರುಳಿ ಸುತ್ತಿಕೊಂಡು ಒದ್ದೆ ಕಾಗದದ ಹಾಗಾಗಿತ್ತು. ಅವಳ ಮುಖ ನೋಡಲಾಗಲಿಲ್ಲ. ಎರಡು ದಿನ ಬಿಟ್ಟು ಆ ಒಣಗಿದ ಹೂವು ಟೋಪಿಯ ಹಾಗೆ ಕಳಚಿ ಬಿತ್ತು. ಕೆಳಗೆ ಬೆರಳಿನ ತುದಿಯಷ್ಟು ಕಾಯಿ, ಮೈತುಂಬಾ ರೋಮ.

ಅದಾಗಿ ನಾಲ್ಕಾರು ಕಾಯಿ ಹುಳಿಗೆ ಹೋದವು. ಅಡ್ಡಕ್ಕೆ ಕತ್ತರಿಸಿದರೆ ನಕ್ಷತ್ರ, ಸಾಮಾನ್ಯವಾಗಿ ಐದು ಕೋಣೆ, ಕೋಣೆಗೊಂದು ಸಾಲು ಬೀಜ. ಮೊದಲ ಕಾಯಿಯನ್ನು ಮಾತ್ರ ಕೀಳಲು ಬಿಟ್ಟಿಲ್ಲ. "ಬಲಿತೋಯ್ತದೆ, ಪಲ್ಯಕ್ಕೂ ಬರಲ್ಲ, ಸಾರಿಗೂ ಬರಲ್ಲ" ಅಂತ ವಿಡಿಯೋ ಕಾಲಿನಲ್ಲಿ ಅಜ್ಜಿ ಹೇಳಿದ್ದಾಯಿತು. ಈಗ ಅದು ಒಣಗಿ ಕಂದು ಬಣ್ಣಕ್ಕೆ ತಿರುಗಿದೆ, ಏಣಿನ ಉದ್ದಕ್ಕೂ ಸೀಳು ಬಿಟ್ಟಿದೆ. ದಿನಾ ಸ್ಕೂಲಿನಿಂದ ಬಂದ ಕೂಡಲೇ, ಶೂ ಕೂಡ ಬಿಚ್ಚದೆ, ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾಳೆ.